ಬದನಿಕಿ ನೋಡ್ಕೊ

ಮೊನ್ನೆ ತೋಟದ ಹಿಂಬದಿಯ ಹಳೆಯ ಮಾವಿನ ಮರದ ಒಂದು ಒಣಕೊಂಬೆಯನ್ನು ಕಡಿಸಬೇಕಾಯಿತು. ಬಿದ್ದ ಕೊಂಬೆಯನ್ನು ಎಳೆದು ಬದಿಗಿಡುವಾಗ ತೊಗಟೆಯ ನಡುವೆ ಏನೋ ಹಸಿರು ಕಂಡಿತು. ಚಿಗುರೇನೋ ಎಂದು ಬಗ್ಗಿ ನೋಡಿದೆ. ಚಿಗುರಲ್ಲ, ಬಟ್ಟೆ. ಹಳೆಯ ಸೀರೆಯನ್ನು ಉದ್ದಕ್ಕೆ ಹರಿದು ಮಾಡಿದ ಪಟ್ಟಿ. ಎರಡೂ ಕಡೆಯಿಂದ ತೊಗಟೆ ಬೆಳೆದು ಅದನ್ನು ಮುಕ್ಕಾಲು ಪಾಲು ನುಂಗಿತ್ತು. ಹೊರಗೆ ಉಳಿದದ್ದು ಒಂದು ಗಂಟು ಮಾತ್ರ.

ಗಂಟು ನೋಡಿದ ಕೂಡಲೇ ಯಾರ ಕೈಯದೆಂದು ತಿಳಿಯಿತು. ಎರಡು ಸುತ್ತು, ಆಮೇಲೆ ಕಿರುಬೆರಳು ತೂರುವಷ್ಟು ಸಡಿಲ ಬಿಟ್ಟ ಗಂಟು. ಹಾಗೆ ಕಟ್ಟುತ್ತಿದ್ದವರು ಒಬ್ಬರೇ. “ಬಿಗಿ ಕಟ್ಟಬಾರ್ದು ತಂಗಿ. ಬೇರು ಹಿಡಿಯೂ ಮಟ ನಾವು ಹಿಡಕೋಬೇಕು. ಬೇರು ಹಿಡೀತಂದ್ರ ಬಟ್ಟಿ ತಾನಽ ಕೊಳತು ಬೀಳ್ತೈತಿ” ಅನ್ನುತ್ತಿದ್ದರು.

ಈ ಬಟ್ಟೆ ಬಿದ್ದಿರಲಿಲ್ಲ...

ಅವರು ನಮ್ಮಪ್ಪನ ಗೆಳೆಯರು. ಸರಕಾರಿ ಬಸ್ಸಿನ ಡ್ರೈವರು. ನನಗೊಬ್ಬಳಿಗೇ ಅಲ್ಲ, ನಮ್ಮ ಓಣಿಗೆಲ್ಲ ಅವರು ಡ್ರೈವರ ಕಾಕಾ. ನಾನು ಅಕ್ಕಿಆಲೂರಿನಿಂದ ಹಾನಗಲ್ಲಿನ ಕಾಲೇಜಿಗೆ ಹೋಗುತ್ತಿದ್ದ ವರ್ಷಗಳಲ್ಲಿ ಬೆಳಗಿನ ಬಸ್ಸು ಅವರದೇ ಆಗಿತ್ತು. ಹಿರೇಕೆರೂರು ಬಿಟ್ಟು ನಮ್ಮೂರಿಗೆ ಬರುವಷ್ಟರಲ್ಲಿ ಬಸ್ಸು ತುಂಬಿರುತ್ತಿತ್ತು. ಎಂಜಿನ್ನಿನ ಪಕ್ಕದ ಜಾಗದಲ್ಲಿ ಅವರು ನನಗೊಂದು ಟವೆಲ್ಲು ಹಾಸಿ ಇಟ್ಟಿರುತ್ತಿದ್ದರು.

ಆ ದಾರಿಯ ಎರಡೂ ಬದಿಗೆ ಆಗ ಹುಣಸೆ, ಆಲ, ನೇರಳೆ, ಮಾವಿನ ಮುದಿ ಮರಗಳಿದ್ದವು. ಕೆಲವು ಮರಗಳ ಹತ್ತಿರ ಬಂದಾಗ ಬಸ್ಸು ತಾನಾಗಿ ನಿಧಾನವಾಗುತ್ತಿತ್ತು. ಕಾಕಾ ಸ್ಟೇರಿಂಗಿನಿಂದ ಒಂದು ಬೆರಳನ್ನಷ್ಟೇ ಎತ್ತಿ ತೋರಿಸುತ್ತಿದ್ದರು. “ನೋಡ ತಂಗಿ, ನರಿಬಾಲ ಬಿಟ್ಟೈತಿ.” ಹುಣಸೆಯ ಕೊಂಬೆಯಿಂದ ಗೇಣುದ್ದದ ಬಿಳಿ ಹೂಗೊಂಚಲು ಜೋತು ಬಿದ್ದಿರುತ್ತಿತ್ತು, ಮೈತುಂಬ ಗುಲಾಬಿ ಚುಕ್ಕೆ. ಹಾನಗಲ್ಲಿನ ಆಚೆಯ ಕಾಡಂಚಿನವರು ಸೀತೆದಂಡೆ ಅನ್ನುವುದು ಇದಕ್ಕೇ. ಕಾಕಾ ಮಾತ್ರ ತಾವೇ ಹೆಸರಿಡುತ್ತಿದ್ದರು. ಹಸಿರು-ಕಂದು ಪಟ್ಟೆಯ ಎಸಳು, ನಡುವೆ ನೇರಳೆ ನಾಲಿಗೆ ಇದ್ದದ್ದು ಹುಲಿಪಟ್ಟಿ. ಚಪ್ಪಲಿಯ ತೊಗಲಿನಂಥ ದಪ್ಪ ಎಲೆಯ ನಡುವೆ ಸಣ್ಣ ಹಳದಿ ಹೂವು, ಹೂವಿನ ಮೇಲೆ ಕೆಂಪು ಗೀರು ಇದ್ದದ್ದು ಅರಿಷಿಣ-ಕುಂಕುಮ. ಇವೆಲ್ಲ ಆರ್ಕಿಡ್ ಎಂಬ ಒಂದೇ ಬಳಗದವೆಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ, ನಾನು ಕೆಲಸ ಮಾಡುವ ಹೈಸ್ಕೂಲಿನ ಗ್ರಂಥಾಲಯದ ಒಂದು ಪುಸ್ತಕದಿಂದ. ಹೋಗಿ ಹೇಳಿದೆ. “ಏನರ ಅನ್ಲಿ ಬಿಡು. ಕರದ್ರ ಓ ಅಂತಾವೇನು?” ಅಂದರು.

ಬಸ್ಸು ಮೆಲ್ಲಗಾದಾಗಲೆಲ್ಲ ಹಿಂದಿನಿಂದ ಒಂದು ಕೂಗು ಬರುತ್ತಿತ್ತು. “ಯಾಕ್ರಿ, ಗಾಡಿ ಕೆಟ್ಟತೇನು?” ಕಂಡಕ್ಟರು ತಲೆಯೆತ್ತದೆ ಉತ್ತರಿಸುತ್ತಿದ್ದ. “ಗಾಡಿ ಛಲೋ ಐತ್ರಿ. ಡ್ರೈವರ ಸಾಹೇಬ್ರದು ಹೂವಿನ ಸ್ಟಾಪ್ ಬಂತು.” ಒಮ್ಮೆ ಸಂತೆಗೆ ಹೊರಟಿದ್ದ ಅಜ್ಜಿಯೊಬ್ಬಳು ಗದರಿದಳು. “ಏ ಯಪ್ಪಾ, ಗಿಡಾ ನೋಡ್ಕೋತ ಹೋಗಿ ಗಾಡೀನ ಗಿಡಕ್ಕ ಹೊಡದೀ ಮತ್ತ!” ಕಾಕಾ ಕನ್ನಡಿಯಲ್ಲೇ ಅಜ್ಜಿಯ ಮುಖ ನೋಡಿ, “ಹೊಡದ್ರ ಗಿಡಕ್ಕ ಪೆಟ್ಟಾಕ್ಕತಿ ಅಂತನಽ ಹಗರಕ ಹೊಂಟೇನಿ ಯವ್ವಾ” ಅಂದರು. ಇಡೀ ಬಸ್ಸು ನಕ್ಕಿತು. ಅಜ್ಜಿಯೂ ನಕ್ಕಳು.

ಸವಣೂರಿನ ಕಡೆ ಡ್ಯೂಟಿ ಬಿದ್ದ ತಿಂಗಳು ಅವರ ಮುಖ ಸಪ್ಪಗಿರುತ್ತಿತ್ತು. ಆ ಕಡೆ ಮಳೆ ಕಡಿಮೆ. ಬೇವಿನ ಮೇಲೋ ಹುಣಸೆಯ ಮೇಲೋ ಹುಲಿಪಟ್ಟಿ ಒಂದೇ ಸಿಗುತ್ತಿತ್ತಂತೆ. “ಅದು ಗಟ್ಟಿ ಜೀವ, ಬಿಸಲು ತಿಂದು ಬದಕ್ತೈತಿ. ಶಿಗ್ಗಾವಿ ದಾಟಿ ಈ ಕಡೆ ಬಂದಂಗ ಬಂದಂಗ ಎರಡಾಕ್ಕಾವು, ಮೂರಾಕ್ಕಾವು. ಹಾನಗಲ್ ದಾಟಿದ್ರ ಮುಗೀತು, ನನಗ ಹೆಸರು ಸಾಲಂಗಿಲ್ಲ” ಅನ್ನುತ್ತಿದ್ದರು. ಬೇರೆಯವರು ಊರುಗಳನ್ನು ಕಿಲೋಮೀಟರಿನಲ್ಲಿ ಅಳೆದರೆ ಅವರು ಹೂವಿನಲ್ಲಿ ಅಳೆಯುತ್ತಿದ್ದರು.

ಅಪ್ಪ ತೀರಿಕೊಂಡ ವರ್ಷವೇ ಕಾಕಾ ನಿವೃತ್ತರಾದರು. ಊರ ಹೊರಗಿನ ನಮ್ಮ ಮಾವಿನ ತೋಟ ನನ್ನ ಪಾಲಿಗೆ ಬಂದಿತ್ತು. ಶಾಲೆಯಲ್ಲಿ ಗುಮಾಸ್ತೆಯ ಕೆಲಸ ಮಾಡುವ ನಾನು ಭಾನುವಾರ ಬಿಟ್ಟರೆ ಅಲ್ಲಿಗೆ ಹೋಗುವುದು ಆಗುತ್ತಿರಲಿಲ್ಲ. “ನಾ ಕುಂದರ್ತೇನಿ ಬಿಡು. ಮನ್ಯಾಗ ಕುಂತ್ರ ನಿಮ್ಮ ಕಾಕು ಕಸಬರಿಗಿ ಕೈಯಾಗ ಕೊಡ್ತಾಳ” ಎಂದು ಕಾಕಾ ತಾವಾಗಿಯೇ ತೋಟದ ಕಾವಲಿಗೆ ಬಂದರು.

ಅದೇ ಹೊತ್ತಿಗೆ ರಸ್ತೆ ಅಗಲ ಮಾಡುವ ಕೆಲಸ ಶುರುವಾಯಿತು. ಮರಗಳ ಸೊಂಟಕ್ಕೆ ಕೆಂಪು ಬಣ್ಣದಲ್ಲಿ ನಂಬರು ಬಿದ್ದವು. ಎಷ್ಟೋ ವರ್ಷ ನೋಡುತ್ತ ಬಂದ ಮರಗಳು ಒಂದೊಂದಾಗಿ ಉರುಳಿದವು. ಕಾಕಾ ಹಳೆಯ ಮೊಪೆಡ್ಡಿಗೆ ಗೋಣಿಚೀಲ ಕಟ್ಟಿಕೊಂಡು ಮರ ಕಡಿಯುವವರ ಹಿಂದೆ ಹಿಂದೆ ಹೋಗುತ್ತಿದ್ದರು. ನಿಂತ ಮರದಿಂದ ಒಂದು ಎಲೆಯನ್ನೂ ಅವರು ಕಿತ್ತವರಲ್ಲ. ಹಿರೇಕೆರೂರಿನ ಸಂತೆಯಲ್ಲಿ ಒಬ್ಬ ಔಷಧಿಗೆಂದು ಹುಲಿಪಟ್ಟಿಯ ಬೇರನ್ನು ಕಟ್ಟು ಕಟ್ಟಿ ಮಾರುವುದನ್ನು ಕಂಡು ಅವನೊಂದಿಗೆ ಜಗಳಾಡಿ ಬಂದಿದ್ದರು. ಉರುಳಿದ ಮರದ ಮೇಲಿನದನ್ನು ಮಾತ್ರ ಬೇರು ಮುರಿಯದಂತೆ ಬಿಡಿಸಿ ತರುತ್ತಿದ್ದರು.

“ಎಲ್ಲಿ ಕಟ್ತೀರಿ ಕಾಕಾ ಇಷ್ಟೆಲ್ಲಾ?” ಅಂದರೆ, “ನಿಮ್ಮ ತೋಟದಾಗ, ಮತ್ತೆಲ್ಲಿ? ನಮ್ಮ ಮನೀ ಮುಂದ ಕರೆಂಟಿನ ಕಂಬ ಒಂದಽ ಐತಿ, ಅದಕ್ಕ ಕಟ್ಟಲೇನು?” ಅಂದರು. ಪಂಪಿನ ಶೆಡ್ಡಿನ ಪಕ್ಕದ ಮಾವಿನ ಮರಕ್ಕೆ ತಮ್ಮ ಹೆಂಡತಿ, ನಮ್ಮ ಕಾಕುವಿನ ಹಳೆಯ ಸೀರೆಯ ಪಟ್ಟಿಗಳಿಂದ ಕಟ್ಟಿದರು. ನಾನು ಆ ಮರವನ್ನು ಕಾಕಾನ ಗಿಡ ಎಂದೇ ಕರೆಯುತ್ತಿದ್ದೆ.

ಒಂದು ಭಾನುವಾರ ಅವರ ಚೀಲದ ತಳದಲ್ಲಿ ಬೆರಳುದ್ದದ ಒಣ ಕಡ್ಡಿಗಳ ಒಂದು ಗೊಂಚಲಿತ್ತು. ಎಲೆಯಿಲ್ಲ, ಹಸಿರಿನ ಸುಳಿವಿಲ್ಲ. “ಇದು ಸತ್ತೈತಲ್ರಿ ಕಾಕಾ” ಅಂದೆ.

“ಸತ್ತಿಲ್ಲ. ಚಳಿಗಾಲಕ್ಕ ಹಿಂಗ ಆಗೂದು ಅದರ ಗುಣ. ಎಲಿ ಉದರಿಸಿ, ಸತ್ತಂಗ ಮಾಡಿ, ಶಿವರಾತ್ರಿ ಸುಮಾರಕ ಆ ಕಡ್ಡಿ ಮ್ಯಾಲೆನಽ ಹೂ ಬಿಡ್ತೈತಿ. ಜ್ವಾಳದ ಅರಳು ಚೆಲ್ಲಿದಂಗ.”

ಹಾನಗಲ್ಲಿನ ದಾರಿಯ ಒಂದು ಕ್ರಾಸಿನ ಆಲದ ಮರದಲ್ಲಿ ಅದು ಇತ್ತಂತೆ. ಅಷ್ಟು ವರ್ಷದ ಓಡಾಟದಲ್ಲಿ ಬೇರೆ ಯಾವ ಮರದ ಮೇಲೂ ಅವರು ಅದನ್ನು ಕಂಡಿರಲಿಲ್ಲ. ಆ ಆಲವೂ ಆ ವಾರ ಉರುಳಿತ್ತು.

“ಇದಕ್ಕೇನು ಹೆಸರು?”

“ನೀ ಇಡು. ನೀ ಸಾಲಿ ಕಲ್ತಾಕಿ. ಎಲ್ಲಾಕೂ ನಾನಽ ಇಟ್ಟೇನಿ, ಇದೊಂದು ನಿಂದು.”

“ಹೂ ನೋಡದಽ ಹೆಂಗ ಇಡ್ಲಿ ಕಾಕಾ?”

“ಹೂ ಬಿಡ್ಲಿ. ನೋಡಿ ಇಡು. ಅವಸರೇನೈತಿ?”

ಅವಸರವಿರಲಿಲ್ಲ. ಇದ್ದ ಜಾಗ ಬಿಟ್ಟು ಬಂದ ಮೊದಲ ವರ್ಷ ಅದು ಹೂ ಬಿಡಲಿಲ್ಲ. ಮುಂದಿನ ಶಿವರಾತ್ರಿಗೆ ಬಿಟ್ಟೇ ಬಿಡುತ್ತದೆ ಎಂದು ಕಾಕಾ ಎಷ್ಟು ಸಲ ಹೇಳಿದರೋ.

ಆ ವರ್ಷ ಎಳ್ಳ ಅಮಾವಾಸ್ಯೆಯ ಮುಂದೆ ಅವರಿಗೆ ಎದೆನೋವು ಬಂತು. ಹುಬ್ಬಳ್ಳಿಯ ಆಸ್ಪತ್ರೆಗೆ ಸೇರಿಸಬೇಕೆಂದಾಯಿತು. ಹೊರಡುವ ಮುಂಜಾನೆ ಕಾರಿನಲ್ಲಿ ಕೂತೇ ಕಿಟಕಿಯಿಂದ ನನಗೆ ತೋಟದ ಕೆಲಸಗಳನ್ನು ಒಪ್ಪಿಸಿದರು. ದನಿ ಬತ್ತಿತ್ತು. “ಪಂಪಿನ ಸ್ಟಾರ್ಟರ್ ಬಿಸಿ ಆಕ್ಕತಿ, ಭಾಳೊತ್ತು ಬಿಡಬ್ಯಾಡ. ಹಿಂದಿನ ಬೇಲಿ ಹರದೈತಿ. ಮತ್ತ... ಬದನಿಕಿ ಒಂದು ನೋಡ್ಕೊ ತಂಗಿ.”

“ನೋಡ್ಕೋತೇನಿ, ನಿಶ್ಚಿಂತಿಲೆ ಹೋಗಿ ಬರ್ರಿ” ಅಂದೆ.

ಬದನಿಕೆ ಎಂದರೆ ನನಗೆ ಗೊತ್ತಿದ್ದದ್ದು ಒಂದೇ. ಹಕ್ಕಿ ತಂದ ಅಂಟುಬೀಜದಿಂದ ಮಾವಿನ ಕೊಂಬೆಯ ಮೇಲೆ ಹುಟ್ಟಿ, ಕೊಂಬೆಯೊಳಗೇ ಬೇರಿಳಿಸಿ, ಮರದ ರಸ ಕುಡಿದು ಅದನ್ನು ಒಣಗಿಸುವ ಗಿಡ. ಮಾವು ಬೆಳೆಗಾರರಿಗೆ ನಡೆಸಿದ ಒಂದು ತರಬೇತಿಯಲ್ಲಿ ಕೂತು ನಾನು ಬರೆದುಕೊಂಡಿದ್ದೆ. ಮರ ಹೂ ಬಿಡುವ ಮೊದಲೇ ಬದನಿಕೆ ತೆಗೆಸಬೇಕು, ತೆಗೆಸಿದ್ದನ್ನು ಸುಡಬೇಕು. ನಮ್ಮ ತೋಟದಲ್ಲಿ ಅದು ಹೆಚ್ಚಾಗಿತ್ತು. ತೆಗೆಸುವುದನ್ನು ಎರಡು ವರ್ಷದಿಂದ ಮುಂದೂಡುತ್ತ ಬಂದವಳು ನಾನು. ಕಾಕಾ ಅದನ್ನೇ ನೆನಪಿಸಿದರು ಎಂದುಕೊಂಡೆ. ಸಾಯುತ್ತೇನೋ ಬದುಕುತ್ತೇನೋ ಎಂಬ ಹೊತ್ತಿನಲ್ಲೂ ನಮ್ಮ ಮಾವಿನ ಚಿಂತೆ ಮಾಡುತ್ತಾರಲ್ಲ ಎಂದು ಕಣ್ಣು ತುಂಬಿತು.

ಅದೇ ವಾರ ರಜೆ ಹಾಕಿ ಮರ ಹತ್ತುವವನೊಬ್ಬನನ್ನು ಕರೆಸಿದೆ. ಶೆಡ್ಡಿನ ಪಕ್ಕದ ಮರ ತೋರಿಸಿ, “ಇದನ್ನ ಮುಟ್ಟಬ್ಯಾಡಪಾ, ಇದು ಕಾಕಾಂದು. ಉಳಿದದ್ದಕ್ಕೆಲ್ಲಾ ಬದನಿಕಿ ತಗಿ” ಅಂದೆ. ನನ್ನ ಜವಾಬ್ದಾರಿ ಅಲ್ಲಿಗೆ ಮುಗಿಯಿತೆಂದು ನಂಬಿದ್ದೆ. ಹಿಂಬದಿಯ ಹಳೆಯ ಮರವೊಂದರ ತುದಿಯಿಂದ ಅವನು ಕೂಗಿ ಕೇಳಿದ. “ಅಕ್ಕಾರ, ಇಲ್ಲಿ ಬ್ಯಾರೆ ನಮೂನಿದು ಐತ್ರಿ. ಇದೂ ಬದನಿಕೀನಽ, ತಗೀಲೇನ್ರಿ?”

ನಾನು ಕೆಳಗೆ ಫೋನಿನಲ್ಲಿ ಶಾಲೆಯವರೊಂದಿಗೆ ಮಾತನಾಡುತ್ತಿದ್ದೆ. ಕೈಯಿಂದ ಫೋನು ಮುಚ್ಚಿ, “ಬದನಿಕಿ ಅಂದಮ್ಯಾಲೆ ಕೇಳೂದೇನು? ಎಲ್ಲಾ ತಗಿ” ಅಂದೆ. ತಲೆ ಎತ್ತಿಯೂ ನೋಡಲಿಲ್ಲ.

ಸಂಜೆಯ ಮೊದಲು ಬಿದ್ದದ್ದನ್ನೆಲ್ಲ ಒಟ್ಟಿಗೆ ಬಾಚಿ ಬೇಲಿಯ ಪಕ್ಕ ರಾಶಿ ಹಾಕಿದೆವು. ಹಸಿಯದು ಬೇಗ ಹೊತ್ತಿಕೊಳ್ಳಲಿಲ್ಲ. ಒಣಗಿದ ಕಡ್ಡಿ ಕಸವನ್ನೆಲ್ಲ ಆರಿಸಿ ಅಡಿಗಿಟ್ಟು ಬೆಂಕಿ ಮಾಡಿದೆವು. ಕಡ್ಡಿ ಗೀರಿದವಳು ನಾನು.

ನಾಲ್ಕು ದಿನದ ಮೇಲೆ ಆಸ್ಪತ್ರೆಯಿಂದ ಕಾಕಾ ಫೋನು ಮಾಡಿಸಿದರು. ಅವರ ಮೊದಲ ಮಾತು, “ಬದನಿಕಿ ನೋಡ್ಕೊಂಡಿ ತಂಗಿ?”

“ಹೂಂ ಕಾಕಾ. ನಾನಽ ನಿಂತು ನೋಡ್ಕೊಂಡೇನಿ. ಆ ಚಿಂತಿ ಬಿಡ್ರಿ.”

“ನಿಮ್ಮಪ್ಪನ ಮಗಳು ನೀ” ಅಂದರು. ಆವತ್ತು ಅವರು ಬಹಳ ದಿನದ ಮೇಲೆ ಎರಡು ಚಪಾತಿ ಉಂಡರೆಂದು ಕಾಕು ಆಮೇಲೆ ಹೇಳಿದರು.

ಸಂಕ್ರಾಂತಿ ಕಳೆದ ಮೇಲೆ ಅವರು ಬಂದರು. ಸೊರಗಿದ್ದರು. ಮನೆಗೂ ಹೋಗದೆ ಕಾರನ್ನು ತೋಟಕ್ಕೇ ಬಿಡಿಸಿಕೊಂಡರಂತೆ. ಭಾನುವಾರವಾದ್ದರಿಂದ ನಾನು ಅಲ್ಲೇ ಇದ್ದೆ. ಕಾಕಾ ಕಾಕುವಿನ ಹೆಗಲು ಹಿಡಿದು ನನ್ನ ಮುಂದೆಯೇ ದಾಟಿ, ಶೆಡ್ಡಿನ ಪಕ್ಕದ ಮರವನ್ನೂ ದಾಟಿ, ನೆಟ್ಟಗೆ ಹಿಂಬದಿಗೆ ನಡೆದರು. ಹಳೆಯ ಮರಗಳ ಕೆಳಗೆ ನಿಂತು ತಲೆ ಎತ್ತಿದರು. ಒಂದು ಮರ ನೋಡಿದರು, ಇನ್ನೊಂದು ನೋಡಿದರು. ನಾನು ಹುರುಪಿನಿಂದ ಹೇಳಿದೆ. “ನೋಡ್ರಿ ಕಾಕಾ, ಹೆಂಗ ಸ್ವಚ್ಛ ಆಗ್ಯಾವು ಗಿಡ!”

ಅವರು ನನ್ನನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ದಾರಿ ತಪ್ಪಿದವರು ಊರ ಹೆಸರು ಕೇಳುವಾಗ ನೋಡುತ್ತಾರಲ್ಲ, ಹಾಗೆ.

“ಇಲ್ಲಿದ್ದೂವು ಎಲ್ಲಿ ತಂಗಿ?”

ಶೆಡ್ಡಿನ ಪಕ್ಕದ್ದು ಎಳೆಯ ಮರ. ತೊಗಟೆ ನುಣುಪು, ಬೇರು ಹಿಡಿಯಲಿಲ್ಲವಂತೆ. ಮಳೆಗಾಲದಲ್ಲೇ ಹೆಚ್ಚಿನವನ್ನು ಬಿಡಿಸಿ, ತಾವೇ ನಿಚ್ಚಣಿಕೆ ಹತ್ತಿ, ಹಿಂಬದಿಯ ಒರಟು ತೊಗಟೆಯ ಮರಗಳಿಗೆ ಎತ್ತರದಲ್ಲಿ ಕಟ್ಟಿದ್ದರು. ಕೆಲವು ಶೆಡ್ಡಿನ ಪಕ್ಕದ ಮರದಲ್ಲೇ ಉಳಿದಿದ್ದರಿಂದ ಭಾನುವಾರದವಳಾದ ನನಗೆ ಅದು ತಿಳಿದಿರಲಿಲ್ಲ. ಒಂದೊಂದಕ್ಕೂ ಒಂದೊಂದು ಹೆಸರಿಟ್ಟ ಕಾಕಾ ಎಲ್ಲಕ್ಕೂ ಸೇರಿಸಿ ಏನನ್ನುತ್ತಾರೆಂದು ನಾನು ಯಾವತ್ತೂ ಕೇಳಿರಲಿಲ್ಲ. ನಮ್ಮ ಕಡೆ ಜನ ಮರದ ಮೇಲೆ ಬೆಳೆದದ್ದಕ್ಕೆಲ್ಲ ಬದನಿಕೆ ಅನ್ನುತ್ತಾರೆ. ರಸ ಕುಡಿಯುವುದಕ್ಕೂ ಅದೇ, ಬರೀ ತೊಗಟೆ ತಬ್ಬಿಕೊಂಡು ಗಾಳಿ, ಮಳೆ, ಮಂಜಿನ ಮೇಲೆ ಬದುಕುವುದಕ್ಕೂ ಅದೇ. ಮರ ಕಡಿಯುವವರಿಗೆ ಕಾಕಾ, “ಕಟಗಿ ನಿಮಗ, ಬದನಿಕಿ ನನಗ” ಅನ್ನುತ್ತಿದ್ದರಂತೆ. ನನಗೆ ಇದನ್ನು ಕಾಕು ಹೇಳಿದ್ದು ಕಾಕಾ ತೀರಿಕೊಂಡ ಮೇಲೆ.

ನಾನು ತೋರಿಸಿದ ಬೂದಿಯ ರಾಶಿಯ ಬಳಿ ಅವರು ಕೂತುಬಿಟ್ಟರು. ವೈದ್ಯರು ಬಗ್ಗಬಾರದು ಅಂದಿದ್ದಾರೆಂದು ಕಾಕು ಕೂಗಿದರೂ ಕೇಳಲಿಲ್ಲ. ಬೆರಳಿನಿಂದ ಬೂದಿ ಕೆದಕಿದರು. ದಪ್ಪ ಎಲೆಯವು ಪೂರ್ತಿ ಸುಟ್ಟಿರಲಿಲ್ಲ. ಅಂಚಿನಲ್ಲಿ ಬಿದ್ದ ಕೆಲವು ಹುಲಿಪಟ್ಟಿ, ಎರಡು ಅರಿಷಿಣ-ಕುಂಕುಮ, ಎಲೆ ಬೆಂದ ಒಂದು ನರಿಬಾಲ ಸಿಕ್ಕವು. ಬೇರಿನ ತುದಿಯನ್ನು ಉಗುರಿನಿಂದ ಗೀರಿ ಒಳಗೆ ಹಸಿರಿದೆಯೇ ಎಂದು ನೋಡಿ ನೋಡಿ ಪಕ್ಕಕ್ಕಿಟ್ಟರು. ಆಮೇಲೂ ಹುಡುಕುತ್ತಿದ್ದರು.

“ಕಡ್ಡಿಯಂಥಾದು ಒಂದು ಇತ್ತಲ್ಲ ತಂಗಿ...”

ನಾನು ಸುಮ್ಮನಿರಬಹುದಿತ್ತು. “ಒಣಾ ಕಡ್ಡಿ ಎಲ್ಲಾ ಮದ್ಲ ಹಾಕಿದ್ವಿ ಕಾಕಾ. ಬೆಂಕಿ ಹತ್ಲಿ ಅಂತ” ಅಂದೆ.

ಕೆದಕುತ್ತಿದ್ದ ಕೈ ನಿಂತಿತು. ನಾನು ಅಳುತ್ತ ಏನೇನೋ ಹೇಳಿದೆ. ಕೊನೆಗೆ ಅವರು ಬೂದಿಯ ಕೈಯನ್ನು ಪಂಜೆಗೆ ಒರೆಸಿಕೊಂಡು, “ತಪ್ಪು ನಂದವಾ. ಬದನಿಕಿ ಅಂದಾಂವ ನಾನು. ನೀ ನೋಡ್ಕೊಂಡಿ” ಅಂದರು.

ಬೈದಿದ್ದರೆ ಇಷ್ಟು ವರ್ಷ ಈ ಮಾತು ನನ್ನೊಳಗೆ ಉಳಿಯುತ್ತಿರಲಿಲ್ಲವೇನೋ.

ಉಳಿದವುಗಳನ್ನು ಮತ್ತೆ ಕಟ್ಟಿದೆವು. ಅವರು ಕೆಳಗೆ ಕುರ್ಚಿಯಲ್ಲಿ ಕೂತು ಹೇಳುತ್ತಿದ್ದರು, ನಾನು ನಿಚ್ಚಣಿಕೆ ಹತ್ತಿ ಕಟ್ಟುತ್ತಿದ್ದೆ. “ಸಡಲ ಬಿಡು. ಇನ್ನೂ ಸಡಲ.” ನನ್ನ ಗಂಟು ಅವರ ಗಂಟಿನಂತೆ ಬರಲೇ ಇಲ್ಲ. ಶಿವರಾತ್ರಿ ಬಂತು, ಹೋಯಿತು. ಆ ಕಡ್ಡಿಗಿಡದ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಶ್ರಾವಣದ ಒಂದು ಮಧ್ಯಾಹ್ನ, ಊಟ ಮುಗಿಸಿ ಕೈ ತೊಳೆಯಲು ಎದ್ದವರು ಅಲ್ಲೇ ಕುಸಿದು ಹೋದರು.

ಅವರು ಹೋದಮೇಲೆ ಆ ಗಿಡವನ್ನು ನಾನು ಹುಡುಕಿದ್ದೇನೆ. ಹೈಸ್ಕೂಲಿನ ಪುಸ್ತಕದಲ್ಲಿ ಒಣ ಕಡ್ಡಿಯ ಮೇಲೆ ಬಿಳಿ ಹೂ ಬಿಡುವ ಆರ್ಕಿಡ್ಡುಗಳ ಚಿತ್ರಗಳು ಒಂದಕ್ಕಿಂತ ಹೆಚ್ಚಿವೆ. ಅವುಗಳಲ್ಲಿ ನಮ್ಮದು ಯಾವುದು? ಹಾನಗಲ್ಲಿನ ಒಬ್ಬ ಸಸ್ಯಶಾಸ್ತ್ರದ ಉಪನ್ಯಾಸಕರ ಬಳಿ ಹೋದೆ. ಅವರು ತಾಳ್ಮೆಯಿಂದ ಕೇಳಿದರು. “ಹೂವಿನ ಫೋಟೋ ಐತೇನ್ರಿ? ಒಣಗಿದ ತುಂಡರ ಐತೇನು?” ಅಂದರು. ಎರಡೂ ಇರಲಿಲ್ಲ. ಕಾಡಿನ ಕಡೆ ಸಾಮಾನ್ಯವಾಗಿ ಸಿಗುವಂಥದ್ದೂ ಇರಬಹುದು, ಹೂ ನೋಡದೆ ಏನೂ ಹೇಳಲಾಗದು ಅಂದರು. ನಾನು ಕಾಕಾಗೆ ಹೇಳಿದ್ದೂ ಅದನ್ನೇ.

ಎರಡು ವರ್ಷ ಶಿವರಾತ್ರಿಯ ಸುಮಾರಿಗೆ ಕಾಕುವನ್ನು ಕರೆದುಕೊಂಡು ಹಿರೇಕೆರೂರಿನಿಂದ ಹಾನಗಲ್ಲಿನವರೆಗೆ ಬಸ್ಸಿನಲ್ಲಿ ಹೋಗಿಬಂದೆ. ಆಕೆ ಎಡಗಡೆ ನೋಡುವುದು, ನಾನು ಬಲಗಡೆ. ರಸ್ತೆ ಈಗ ಅಗಲವಾಗಿದೆ. ಬಸ್ಸು ಎಲ್ಲಿಯೂ ನಿಧಾನವಾಗುವುದಿಲ್ಲ. ನೋಡುವಂಥ ಮರಗಳು ಕೈಬೆರಳೆಣಿಕೆಯಷ್ಟು. “ಅವರಿದ್ರ ಒಂದು ಬಟ್ಟ ಎತ್ತತಿದ್ರು” ಅಂದು ಕಾಕು ತಮ್ಮ ಒಂದು ಬೆರಳನ್ನು ಎತ್ತಿ ಕಿಟಕಿಯ ಕಡೆ ಮುಖ ಮಾಡಿಕೊಂಡರು.

ಈಗಲೂ ಚಳಿಗಾಲದ ಮೊದಲು ಅದೇ ಮರ ಹತ್ತುವವನು ಬರುತ್ತಾನೆ. ರಸ ಕುಡಿಯುವ ಬದನಿಕೆಯನ್ನು ತೆಗೆಸಲೇಬೇಕು, ಇಲ್ಲವಾದರೆ ಮಾವು ಉಳಿಯುವುದಿಲ್ಲ. ಅವನು ಕೂಗಿ ಕೇಳಿದರೆ ನಾನು ಕೆಳಗಿನಿಂದ ಉತ್ತರಿಸುವುದಿಲ್ಲ. ನಿಚ್ಚಣಿಕೆ ಹತ್ತಿ ಹೋಗಿ ಕೈಯಿಂದ ಮುಟ್ಟಿ ತೋರಿಸುತ್ತೇನೆ. ಒಂದಕ್ಕೂ ಹೆಸರು ಹೇಳುವುದಿಲ್ಲ. ಅಕ್ಕಾರಿಗೆ ಏನೋ ಆಗಿದೆ ಎಂದು ಅವನು ಊರಲ್ಲಿ ಹೇಳಿಕೊಂಡು ನಗುತ್ತಾನಂತೆ. ನಗಲಿ. ಕಳೆದ ಮಳೆಗಾಲ ಒಂದು ಕೊಂಬೆಯ ಮೇಲೆ ಉಗುರಿನಷ್ಟು ಎಲೆಯ ಎಳೆಯ ಗಿಡ ಕಂಡಿತು. ತಿಂಗಳಾನುಗಟ್ಟಲೆ ಕಾದೆ. ನರಿಬಾಲ. ಧೂಳಿನಂಥ ಬೀಜ ತಾನಾಗಿ ಬಂದು ಕೂತು ಹುಟ್ಟಿದ್ದಕ್ಕೆ ಕಾಕಾ ಇದ್ದಿದ್ದರೆ ಓಣಿಗೆಲ್ಲ ಸಕ್ಕರೆ ಹಂಚುತ್ತಿದ್ದರು. ನನಗೂ ಸಂತೋಷವಾಯಿತು. ಆದರೆ ನಾನು ಕಾಯುತ್ತಿದ್ದದ್ದು ಅದಕ್ಕಲ್ಲ.

ಮೊನ್ನೆ ಕಡಿಸಿದ ಕೊಂಬೆಯಿಂದ ಆ ಬಟ್ಟೆಯಿದ್ದ ಗೇಣುದ್ದದ ತುಂಡನ್ನು ಗರಗಸದಿಂದ ಕತ್ತರಿಸಿಕೊಂಡು ಕಾಕುವಿನ ಬಳಿ ಹೋದೆ. ಆಕೆ ಕನ್ನಡಕ ಹಾಕಿಕೊಂಡು ಹಸಿರು ಅಂಚನ್ನು ಸವರಿದರು. “ಇದು ನನ್ನ ಇಳಕಲ್ ಸೀರೀದು. ಇದನ್ನ ಹರಿಯಾಕ ಕೊಡಂಗಿಲ್ಲ ಅಂತ ಜಗಳಾ ಮಾಡಿದ್ದೆ. ಆ ಕಡ್ಡೀದಕ್ಕ ಮೆತ್ತಂದು ಬೇಕು ಅಂತ ಹಟಾ ಹಿಡದು ಒಯ್ದ್ರು. ಮತ್ಯಾವುದಕ್ಕೂ ಇದನ್ನ ಹರದಿಲ್ಲ” ಅಂದರು.

ಅಂದರೆ ಇದೇ ಜಾಗ. ಮರ ಹತ್ತುವವನ ಕೈ ಗಿಡವನ್ನು ಕಿತ್ತುಕೊಂಡಿತ್ತು, ಸಡಿಲ ಗಂಟು ಕೊಂಬೆಯಲ್ಲೇ ಉಳಿದಿತ್ತು.

ಆ ತುಂಡು ಈಗ ನನ್ನ ಮೇಜಿನ ಮೇಲಿದೆ. ಶಿವರಾತ್ರಿಗೆ ಇನ್ನು ಹತ್ತು ದಿನ. ಏನು ಕಳೆದೆ ಎಂದು ಯಾರಾದರೂ ಕೇಳಿದರೆ ಹೇಳಲು ನನ್ನ ಬಳಿ ಒಂದು ಹೆಸರೂ ಇಲ್ಲ, ಇಡಬೇಕಾಗಿದ್ದವಳು ನಾನೇ. ಬೇರು ಹಿಡಿದರೆ ಬಟ್ಟೆ ತಾನೇ ಬೀಳುತ್ತದೆ ಅಂದಿದ್ದರು ಕಾಕಾ. ಹಿಡಿಯಲು ಬೇರು ಉಳಿಯಲಿಲ್ಲ. ಮರ ಬಟ್ಟೆಯನ್ನೇ ಹಿಡಿದುಕೊಂಡಿತು.